ಏರಿದಾಗ ಏರುವ ದರ ಇಳಿದಾಗಲೂ ಇಳಿಯಲಿ

2020ರ ಏಪ್ರಿಲ್ ತಿಂಗಳು. ಲಾಕ್‌ಡೌನ್‌ನಿಂದಾಗಿ ಜಗತ್ತಿನ ರಸ್ತೆಗಳೆಲ್ಲ ಖಾಲಿಯಾಗಿದ್ದವು, ಕಚ್ಚಾತೈಲವನ್ನು ಕೇಳುವವರೇ ಇರಲಿಲ್ಲ. 20ನೇ ತಾರೀಖು ಅಮೆರಿಕದ ವಾಯಿದಾ ಪೇಟೆಯಲ್ಲಿ ತೈಲದ ದರ ಸೊನ್ನೆಗಿಂತಲೂ ಕೆಳಗಿಳಿಯಿತು. ಭಾರತ ಕೊಳ್ಳುವ ತೈಲ ಆ ತಿಂಗಳು ಬ್ಯಾರೆಲ್ಲಿಗೆ ಸರಾಸರಿ 20 ಡಾಲರಿನ ಆಸುಪಾಸಿನಲ್ಲಿತ್ತು. ಆ ಅಗ್ಗದ ತೈಲವನ್ನು ತಂದು ಮಂಗಳೂರಿನಲ್ಲಿ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ, ವಿಶಾಖಪಟ್ಟಣದಲ್ಲಿ ನೆಲದಡಿಯ ಬಂಡೆ ಕೊರೆದು ಮಾಡಿದ ಸಂಗ್ರಹಾಗಾರಗಳಿಗೆ ತುಂಬಿಸಲಾಯಿತು. ಮೂರೂ ಕಡೆ ಸೇರಿ 53 ಲಕ್ಷ ಟನ್ ಹಿಡಿಯುತ್ತದೆ. ಅದರಲ್ಲಿ 40 ಲಕ್ಷ ಟನ್ ಕರ್ನಾಟಕದ ಕರಾವಳಿಯಲ್ಲೇ ಇದೆ. ಕೇಂದ್ರ ಸರ್ಕಾರದ ಮಟ್ಟಿಗೆ ಅದೊಂದು ಜಾಣ ಖರೀದಿ.

ಆದರೆ ಆ ಅಗ್ಗದ ಕಾಲ ಬಂಕಿನವರೆಗೆ ಬರಲೇ ಇಲ್ಲ. ಮಾರ್ಚ್ 14ರಂದು ಕೇಂದ್ರವು ಅಬಕಾರಿ ಸುಂಕವನ್ನು ಲೀಟರಿಗೆ 3 ರೂಪಾಯಿ ಏರಿಸಿತ್ತು. ಮೇ ಮೊದಲ ವಾರದಲ್ಲಿ ಪೆಟ್ರೋಲಿಗೆ ಇನ್ನೂ 10, ಡೀಸೆಲ್ಲಿಗೆ 13 ರೂಪಾಯಿ ಸೇರಿಸಿತು. ರಾಜ್ಯ ಸರ್ಕಾರವೂ ಏಪ್ರಿಲ್‌ನಿಂದ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 32ರಿಂದ 35ಕ್ಕೆ, ಡೀಸೆಲ್ಲಿನದನ್ನು ಶೇ 21ರಿಂದ 24ಕ್ಕೆ ಏರಿಸಿತು. ಜೂನ್ 7ರಿಂದ ಬಂಕಿನ ದರ ಪ್ರತಿದಿನ ಒಂದಿಷ್ಟು ಪೈಸೆಯಂತೆ ಮೇಲೇರತೊಡಗಿತು. ತೈಲ ಅಗ್ಗವಾಗಿದ್ದಾಗ ಹಾಕಿದ ಸುಂಕ ತೈಲ ತುಟ್ಟಿಯಾದ ಮೇಲೂ ಹಾಗೆಯೇ ಉಳಿಯಿತು. ಅದು ಇಳಿಯಲು 2021ರ ದೀಪಾವಳಿ ಬರಬೇಕಾಯಿತು.

ಕರ್ನಾಟಕದ ನಾಗರಿಕರು ಪಕ್ಷಭೇದ ಬದಿಗಿಟ್ಟು ಪ್ರಶ್ನಿಸಬೇಕಾದದ್ದು ಈ ಏಕಮುಖ ಚಲನೆಯನ್ನು. ಈ ಬರಹದ ಮನವಿಯೂ ಅಷ್ಟೇ.

2010ರ ಜೂನ್‌ನಲ್ಲಿ ಪೆಟ್ರೋಲನ್ನೂ 2014ರ ಅಕ್ಟೋಬರ್‌ನಲ್ಲಿ ಡೀಸೆಲ್ಲನ್ನೂ ಸರ್ಕಾರದ ದರ ನಿಯಂತ್ರಣದಿಂದ ಬಿಡುಗಡೆ ಮಾಡಲಾಯಿತು. 2017ರ ಜೂನ್ 16ರಿಂದ ದೇಶದಾದ್ಯಂತ ದಿನವಹಿ ದರ ಪರಿಷ್ಕರಣೆ ಶುರುವಾಯಿತು. ಜನರಿಗೆ ಆಗ ಹೇಳಿದ ಮಾತು ಸರಳವಾಗಿತ್ತು: ಅಂತರರಾಷ್ಟ್ರೀಯ ದರ ಏರಿದರೆ ಇಲ್ಲೂ ಏರುತ್ತದೆ, ಇಳಿದರೆ ಇಲ್ಲೂ ಇಳಿಯುತ್ತದೆ. ಹಳೆಯ ಪದ್ಧತಿಗೆ ಮರಳಬೇಕೆಂದು ಯಾರೂ ಹಂಬಲಿಸಬೇಕಿಲ್ಲ. ಆಗ ದರವನ್ನು ಒತ್ತಿ ಹಿಡಿದು, ತೈಲ ಕಂಪನಿಗಳಿಗೆ ನಗದಿನ ಬದಲು ಬಾಂಡ್ ಕೊಟ್ಟು, ಅಸಲು ಮತ್ತು ಬಡ್ಡಿಯ ಹೊರೆಯನ್ನು ಮುಂದಿನ ವರ್ಷಗಳ ಮೇಲೆ ಹೇರಲಾಗಿತ್ತು. ಬಿಡುಗಡೆಯ ನಿರ್ಧಾರ ಸರಿಯಾಗಿಯೇ ಇತ್ತು. ಕೊಟ್ಟ ಮಾತಿನ ಅರ್ಧ ಮಾತ್ರ ನಡೆಯಿತು ಎಂಬುದೇ ತಕರಾರು. 2021ರ ನವೆಂಬರ್‌ನಿಂದ 2022ರ ಮಾರ್ಚ್ 21ರವರೆಗೆ ದಿನವಹಿ ಪರಿಷ್ಕರಣೆ ಸ್ತಬ್ಧವಾಗಿತ್ತು. ನಡುವೆ ಉತ್ತರ ಪ್ರದೇಶ, ಪಂಜಾಬ್ ಮೊದಲಾದ ಐದು ರಾಜ್ಯಗಳ ಚುನಾವಣೆಗಳು ಮುಗಿದವು. ಮಾರ್ಚ್ 22ರಿಂದ ಏಪ್ರಿಲ್ 6ರೊಳಗೆ ದರ 10 ರೂಪಾಯಿ ಏರಿತು. ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, 2024ರ ಮಾರ್ಚ್ 15ರಂದು, 2 ರೂಪಾಯಿ ಇಳಿಯಿತು. ಮಾರುಕಟ್ಟೆ ಪಂಚಾಂಗ ನೋಡಿ ನಡೆಯುವುದಿಲ್ಲ.

ದರ ಏಕೆ ಇಷ್ಟು ಹೆಚ್ಚು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 2014ರ ಮೇ ತಿಂಗಳಲ್ಲಿ ಭಾರತ ಕೊಳ್ಳುವ ತೈಲ ಬ್ಯಾರೆಲ್ಲಿಗೆ ಸುಮಾರು 107 ಡಾಲರ್ ಇತ್ತು, ದೆಹಲಿಯಲ್ಲಿ ಪೆಟ್ರೋಲ್ 71 ರೂಪಾಯಿ 41 ಪೈಸೆ. 2024ರ ಮಾರ್ಚ್‌ನಲ್ಲಿ ತೈಲ ಸುಮಾರು 84 ಡಾಲರ್, ಪೆಟ್ರೋಲ್ 94 ರೂಪಾಯಿ 72 ಪೈಸೆ. ತೈಲ ಅಗ್ಗವಾಗಿ ಪೆಟ್ರೋಲ್ ತುಟ್ಟಿಯಾದದ್ದು ಹೇಗೆ? ಮೊದಲ ಉತ್ತರ ರೂಪಾಯಿಯ ಮೌಲ್ಯ. ಡಾಲರಿಗೆ 59 ರೂಪಾಯಿ ಇದ್ದದ್ದು 83 ಆಗಿತ್ತು. ಬೇಕಾದ ತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುವ ದೇಶಕ್ಕೆ ಈ ಪೆಟ್ಟು ತಪ್ಪಿದ್ದಲ್ಲ. ರೂಪಾಯಿಗೆ ಪರಿವರ್ತಿಸಿ ನೋಡಿದರೆ ಒಂದು ಲೀಟರ್ ಕಚ್ಚಾತೈಲದ ಬೆಲೆ ಈ ಹತ್ತು ವರ್ಷಗಳಲ್ಲಿ ಸುಮಾರು 4 ರೂಪಾಯಿ ಏರಿದೆ. ಪೆಟ್ರೋಲ್ ಏರಿದ್ದು 23 ರೂಪಾಯಿ. ಉಳಿದದ್ದರಲ್ಲಿ ದೊಡ್ಡ ಪಾಲು ಸುಂಕದ್ದು: 9 ರೂಪಾಯಿ 48 ಪೈಸೆ ಇದ್ದ ಕೇಂದ್ರದ ಅಬಕಾರಿ ಸುಂಕ 19 ರೂಪಾಯಿ 90 ಪೈಸೆ ಆಗಿತ್ತು. ಅದಕ್ಕೂ ಮೊದಲು ಒಂದು ಹಂತದಲ್ಲಿ ಅದು 33 ರೂಪಾಯಿಯ ಹತ್ತಿರ ಹೋಗಿಬಂದಿತ್ತು.

ಇಷ್ಟು ಹೇಳಿ ಬೆರಳನ್ನು ದೆಹಲಿಯತ್ತ ಮಾತ್ರ ತೋರಿಸಿದರೆ ಅದು ಪ್ರಾಮಾಣಿಕ ಮಾತಾಗುವುದಿಲ್ಲ. ವಿಧಾನಸೌಧದಲ್ಲಿ ಕೂತ ಯಾವ ಪಕ್ಷವೂ ಈ ವಿಷಯದಲ್ಲಿ ಶುದ್ಧಹಸ್ತವಲ್ಲ. 2019ರ ಜನವರಿಯಲ್ಲಿ ಕುಮಾರಸ್ವಾಮಿ ಅವರ ಮೈತ್ರಿ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 28.75ರಿಂದ 32ಕ್ಕೆ ಏರಿಸಿತು. 2020ರಲ್ಲಿ ಯಡಿಯೂರಪ್ಪ ಸರ್ಕಾರ 35ಕ್ಕೆ ಒಯ್ದಿತು. 2021ರ ನವೆಂಬರ್‌ನಲ್ಲಿ ಬೊಮ್ಮಾಯಿ ಸರ್ಕಾರ ಲೀಟರಿಗೆ 7 ರೂಪಾಯಿ ಇಳಿಸಿತು. 2024ರ ಜೂನ್ 15ರಂದು, ಲೋಕಸಭಾ ಚುನಾವಣೆಯ ಫಲಿತಾಂಶ ಬಂದು ಎರಡು ವಾರವೂ ಆಗಿರಲಿಲ್ಲ, ಸಿದ್ದರಾಮಯ್ಯ ಸರ್ಕಾರ ಪೆಟ್ರೋಲಿನ ತೆರಿಗೆಯನ್ನು ಶೇ 29.84ಕ್ಕೆ, ಡೀಸೆಲ್ಲಿನದನ್ನು ಶೇ 18.44ಕ್ಕೆ ಏರಿಸಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ತೆರಿಗೆ ಮತ್ತೆ ಏರಿ ಶೇ 21.17 ಆಯಿತು. ವಿರೋಧ ಪಕ್ಷದಲ್ಲಿದ್ದಾಗ ಎತ್ತಿನಗಾಡಿ ಏರಿ ಪ್ರತಿಭಟಿಸುವವರೇ ಅಧಿಕಾರಕ್ಕೆ ಬಂದಾಗ ಅಧಿಸೂಚನೆಗೆ ಸಹಿ ಹಾಕುತ್ತಾರೆ.

2024ರ ಆ ಏರಿಕೆಯ ನಂತರ ಬೆಂಗಳೂರಿನಲ್ಲಿ ಪೆಟ್ರೋಲ್ ಹತ್ತಿರ ಹತ್ತಿರ 103 ರೂಪಾಯಿ ಆಯಿತು. ಅದರಲ್ಲಿ ಕೇಂದ್ರದ ಸುಂಕ 19.90, ರಾಜ್ಯದ ತೆರಿಗೆ ಸುಮಾರು 23.60. ಎರಡೂ ಸೇರಿ 43 ರೂಪಾಯಿ ಐವತ್ತು ಪೈಸೆ. ಬೈಕಿನಲ್ಲಿ ಊಟ ತಲುಪಿಸುವ ಹುಡುಗನೊಬ್ಬ ದಿನಕ್ಕೆ 120 ಕಿಲೋಮೀಟರ್ ಓಡುತ್ತಾನೆ, ಬೈಕು ಲೀಟರಿಗೆ 45 ಕೊಡುತ್ತದೆ ಎಂದು ಇಟ್ಟುಕೊಳ್ಳೋಣ. ಆತ ದಿನಕ್ಕೆ ಸುರಿಯುವುದು ಸುಮಾರು 274 ರೂಪಾಯಿ. ಅದರಲ್ಲಿ 116 ರೂಪಾಯಿ ತೆರಿಗೆ. ಆದಾಯ ತೆರಿಗೆಯ ವ್ಯಾಪ್ತಿಯೊಳಗೆ ಬಾರದ ಈ ಹುಡುಗ ತಿಂಗಳಿಗೆ 26 ದಿನ ದುಡಿದರೆ ಬಂಕಿನಲ್ಲೇ ಮೂರು ಸಾವಿರ ರೂಪಾಯಿ ತೆರಿಗೆ ಕಟ್ಟಿರುತ್ತಾನೆ.

ಹಾಗೆ ಕಟ್ಟಿದ್ದು ಅವನಿಗೆ ಗೊತ್ತೇ ಆಗುವುದಿಲ್ಲ. ದರ್ಶಿನಿಯ ಬಿಲ್ಲಿನಲ್ಲಿ ಎರಡು ಇಡ್ಲಿಗೂ ಕೇಂದ್ರದ ಜಿಎಸ್‌ಟಿ ಇಷ್ಟು, ರಾಜ್ಯದ ಜಿಎಸ್‌ಟಿ ಇಷ್ಟು ಎಂದು ಪೈಸೆಗಟ್ಟಲೆ ಬರೆದಿರುತ್ತದೆ. ಬಂಕಿನ ರಸೀದಿಯಲ್ಲಿ ಲೀಟರ್ ಎಷ್ಟು, ದರ ಎಷ್ಟು, ಮೊತ್ತ ಎಷ್ಟು ಎಂಬುದಷ್ಟೇ ಇರುತ್ತದೆ. ತೆರಿಗೆಯ ಸಾಲು ಇರುವುದಿಲ್ಲ. ಮೊದಲ ಬೇಡಿಕೆ ಇಲ್ಲಿಂದಲೇ ಶುರುವಾಗಲಿ: ಪ್ರತಿ ರಸೀದಿಯಲ್ಲೂ ಕೇಂದ್ರದ ಪಾಲು, ರಾಜ್ಯದ ಪಾಲು ಪ್ರತ್ಯೇಕವಾಗಿ ಅಚ್ಚಾಗಬೇಕು. ಇದಕ್ಕೆ ಬೊಕ್ಕಸದಿಂದ ಒಂದು ರೂಪಾಯಿಯ ತೆರಿಗೆಯನ್ನೂ ಬಿಟ್ಟುಕೊಡಬೇಕಿಲ್ಲ.

ರಾಜ್ಯದ ತೆರಿಗೆಯ ಸ್ವರೂಪವೂ ಬದಲಾಗಬೇಕು. ಕೇಂದ್ರದ ಸುಂಕ ಲೀಟರಿಗೆ ಇಂತಿಷ್ಟು ಎಂದು ನಿಗದಿಯಾಗಿರುತ್ತದೆ. ಕರ್ನಾಟಕದ್ದು ಶೇಕಡಾ ಲೆಕ್ಕ. ಪರ್ಷಿಯನ್ ಕೊಲ್ಲಿಯಲ್ಲಿ ಗಲಾಟೆಯಾಗಿ ಮೂಲ ದರ 10 ರೂಪಾಯಿ ಏರಿದರೆ, ಯಾವ ಅಧಿಸೂಚನೆಯೂ ಇಲ್ಲದೆ ರಾಜ್ಯದ ತೆರಿಗೆ ತಾನಾಗಿ ಸುಮಾರು 3 ರೂಪಾಯಿ ಏರುತ್ತದೆ. ಜನ ಅತ್ಯಂತ ಕಷ್ಟದಲ್ಲಿರುವಾಗ ಬೊಕ್ಕಸಕ್ಕೆ ಹೆಚ್ಚುವರಿ ವರಮಾನ ಬರುವ ವ್ಯವಸ್ಥೆ ಇದು. ರಾಜ್ಯವೂ ಲೀಟರಿಗೆ ಇಂತಿಷ್ಟು ಎಂಬ ಪದ್ಧತಿಗೆ ಬರಲಿ.

ಮುಖ್ಯವಾಗಿ ಬೇಕಿರುವುದು ಒಂದು ಲಿಖಿತ ನಿಯಮ. ಕಚ್ಚಾತೈಲ ಇಂಥ ಮಟ್ಟ ದಾಟಿದರೆ ಸುಂಕ ಇಷ್ಟು ಇಳಿಯುತ್ತದೆ, ಇಂಥ ಮಟ್ಟಕ್ಕಿಂತ ಕೆಳಗಿಳಿದರೆ ಇಷ್ಟು ಏರುತ್ತದೆ ಎಂದು ಮೊದಲೇ ಪ್ರಕಟಿಸುವ ನಿಯಮ. ತೈಲವನ್ನು ಬಹುಪಾಲು ಆಮದು ಮಾಡಿಕೊಳ್ಳುವ ಚಿಲಿ ದೇಶ 2014ರಿಂದ ಇಂಥದೊಂದು ಕಾನೂನು ಇಟ್ಟುಕೊಂಡಿದೆ. ಅಲ್ಲಿ ಇಂಧನ ತೆರಿಗೆಯೇ ಏರಿಳಿದು ಜಾಗತಿಕ ದರದ ಹೊಡೆತವನ್ನು ತಗ್ಗಿಸುತ್ತದೆ. ಉಕ್ರೇನ್ ಯುದ್ಧದ ವರ್ಷ ಅವರ ಬೊಕ್ಕಸಕ್ಕೆ ಅದು ಭಾರವಾದದ್ದೂ ಹೌದು. ಆದರೆ ಆ ಭಾರ ಎಷ್ಟೆಂಬುದು ಎಲ್ಲರ ಕಣ್ಣೆದುರಿಗಿತ್ತು. ಇಲ್ಲಿ ಅದು ಕಂಪನಿಗಳ ಲೆಕ್ಕಪುಸ್ತಕದಲ್ಲಿ ಮರೆಯಾಗುತ್ತದೆ. 2022ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಮೂರೂ ಸೇರಿ 21 ಸಾವಿರ ಕೋಟಿಗೂ ಹೆಚ್ಚು ನಷ್ಟ ಅನುಭವಿಸಿದವು. 2023–24ರಲ್ಲಿ ಅವೇ ಕಂಪನಿಗಳ ಒಟ್ಟು ಲಾಭ ಸುಮಾರು 81 ಸಾವಿರ ಕೋಟಿ. ಆ ಲಾಭದ ವರ್ಷದಲ್ಲಿ ಬಂಕಿನ ದರ ಇಳಿದದ್ದು ಕೊನೆಯ ಹದಿನೈದು ದಿನ, ಎರಡೇ ರೂಪಾಯಿ.

‘ಪೆಟ್ರೋಲನ್ನು ಜಿಎಸ್‌ಟಿಗೆ ತನ್ನಿ’ ಎಂಬ ಕೂಗು ಆಕರ್ಷಕ. ಸಂವಿಧಾನದಲ್ಲಿ ಅವಕಾಶವೂ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಇದಕ್ಕಿನ್ನೂ ಕಾಲ ಕೂಡಿಬಂದಿಲ್ಲ ಎಂದಿತು. ರಾಜ್ಯಗಳ ಅಳುಕು ಸುಳ್ಳಲ್ಲ. ಜಿಎಸ್‌ಟಿ ಬಂದ ಮೇಲೆ ಅವು ಸ್ವಂತ ನಿರ್ಧಾರದಿಂದ ತೆರಿಗೆ ಹಾಕಬಹುದಾದದ್ದು ಇಂಧನ, ಮದ್ಯ, ಮುದ್ರಾಂಕದಂಥ ಕೆಲವೇ ಬಾಬುಗಳಲ್ಲಿ. ಅತ್ತ ಪೆಟ್ರೋಲಿನ ಮೇಲಿನ 19.90 ರೂಪಾಯಿ ಸುಂಕದಲ್ಲಿ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಇದ್ದದ್ದು 1 ರೂಪಾಯಿ 40 ಪೈಸೆ ಮಾತ್ರ. ಉಳಿದ 18 ರೂಪಾಯಿ 50 ಪೈಸೆ ಸೆಸ್, ವಿಶೇಷ ಸುಂಕಗಳ ಹೆಸರಿನಲ್ಲಿ ಹಂಚಿಕೆಯ ಲೆಕ್ಕದಿಂದ ಹೊರಗೆ. ಆದ್ದರಿಂದ ಸಂಸದರನ್ನು ಕೇಳಬೇಕಾದದ್ದು ಬೇರೆ: ಸೆಸ್ ಕಡಿಮೆ ಮಾಡಿ, ಮೂಲ ಸುಂಕದ ಪಾಲು ಹೆಚ್ಚಿಸಿ. ಆಗ ತನ್ನ ತೆರಿಗೆ ಇಳಿಸಲು ರಾಜ್ಯಕ್ಕೆ ಕೈ ಸಡಿಲವಾಗುತ್ತದೆ. ಬಿಜೆಪಿ, ಕಾಂಗ್ರೆಸ್, ಜೆಡಿಎಸ್ ಎನ್ನದೆ ಕರ್ನಾಟಕದ ಎಲ್ಲ ಸಂಸದರೂ ಒಂದೇ ದನಿಯಲ್ಲಿ ಆಡಬಹುದಾದ ಮಾತು ಇದು.

ಪೆಟ್ರೋಲಿಗೆ ತೆರಿಗೆಯೇ ಬೇಡ ಎಂದು ಈ ಮನವಿ ಹೇಳುತ್ತಿಲ್ಲ. ರಸ್ತೆಗೆ, ಆಸ್ಪತ್ರೆಗೆ ದುಡ್ಡು ಬೇಕು. ಬೆಂಗಳೂರಿನ ಗಾಳಿಯ ಸ್ಥಿತಿ ನೋಡಿದರೆ ಪೆಟ್ರೋಲ್ ತೀರಾ ಅಗ್ಗವಾಗುವುದೂ ಒಳ್ಳೆಯದಲ್ಲ. ಆದರೆ ತೆರಿಗೆ ಹಾಕಿ ಜನರನ್ನು ಬೈಕಿನಿಂದ ಇಳಿಸಬೇಕೆಂದರೆ ಹತ್ತಲು ಬಸ್ಸು, ಮೆಟ್ರೊ ಕೈಗೆಟುಕಬೇಕು. 2025ರ ಜನವರಿಯಲ್ಲಿ ಡೀಸೆಲ್ ದುಬಾರಿಯಾಗಿದ್ದೂ ಒಂದು ಕಾರಣವೆಂದು ಸರ್ಕಾರಿ ಬಸ್ಸುಗಳ ಪ್ರಯಾಣ ದರ ಶೇ 15 ಏರಿತು. ಅದಕ್ಕೆ ಏಳು ತಿಂಗಳ ಮುಂಚೆ ಡೀಸೆಲ್ಲಿನ ತೆರಿಗೆ ಏರಿಸಿದ್ದು ಅದೇ ಸರ್ಕಾರ. ಫೆಬ್ರುವರಿಯಲ್ಲಿ ನಮ್ಮ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿಗೆ ಜಿಗಿಯಿತು. ಸರ್ಕಾರಿ ಬಸ್ಸಿನ ಉಚಿತ ಪ್ರಯಾಣದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಆಸರೆ ಸಿಕ್ಕಿದೆ, ನಿಜ. ಆದರೆ ಕೋಲಾರದಿಂದ ಟೊಮೆಟೊ ಹೊತ್ತು ಬರುವ ಲಾರಿಗೂ, ಗಂಟೆ ಲೆಕ್ಕದಲ್ಲಿ ಉಳುವ ಟ್ರ್ಯಾಕ್ಟರಿಗೂ ಯಾವ ಶಕ್ತಿ ಯೋಜನೆಯೂ ಇಲ್ಲ. ಅವುಗಳ ಬಾಡಿಗೆ ಏರಿದ್ದು ತರಕಾರಿಯ ಬೆಲೆಯಲ್ಲಿ ಕಾಣಿಸುತ್ತದೆ.

ರಾಜ್ಯ ಬಜೆಟ್ಟಿಗೆ ಮುನ್ನ ಮುಖ್ಯಮಂತ್ರಿಗಳು ರೈತ ಸಂಘಟನೆ, ವಾಣಿಜ್ಯ ಸಂಸ್ಥೆಗಳ ಪ್ರತಿನಿಧಿಗಳನ್ನು ಕರೆದು ಸಲಹೆ ಕೇಳುವ ರೂಢಿ ಇದೆ. ಆ ಸಭೆಗೆ ಹೋಗುವ ಪ್ರತಿಯೊಬ್ಬರೂ ರಸೀದಿಯಲ್ಲಿ ತೆರಿಗೆಯ ಸಾಲನ್ನೂ ಲೀಟರ್ ಲೆಕ್ಕದ ತೆರಿಗೆಯನ್ನೂ ಲಿಖಿತವಾಗಿ ಕೇಳಲಿ. ಲಾರಿ ಮಾಲೀಕರು, ಆಟೊ ಚಾಲಕರು, ಮನೆಮನೆಗೆ ಊಟ ತಲುಪಿಸುವ ಹುಡುಗರು ತಮ್ಮ ಸಂಘಗಳ ಮೂಲಕ ಕ್ಷೇತ್ರದ ಶಾಸಕರಿಗೆ ಅದೇ ಮಾತನ್ನು ಬರೆದು ಕೊಡಲಿ. ಪಕ್ಷದ ಕಾರ್ಯಕರ್ತರಾದ ಓದುಗರಲ್ಲಿ ಮಾತ್ರ ಒಂದು ಹೆಚ್ಚಿನ ಕೋರಿಕೆ: ಎದುರಾಳಿ ಸರ್ಕಾರದ ತೆರಿಗೆಯ ಬಗ್ಗೆ ಕೇಳುವ ಮುನ್ನ ಸ್ವಂತ ಪಕ್ಷದ ಸರ್ಕಾರ ಹಾಕಿದ ತೆರಿಗೆಯ ಬಗ್ಗೆ ನಿಮ್ಮ ನಾಯಕರನ್ನೇ ಮೊದಲು ಕೇಳಿ.