ತಕ್ಕಡಿಯೂ ಪ್ರಾರ್ಥನೆಯೂ

ಪ್ರಾಮಾಣಿಕತೆಯೆಂದರೆ ಸುಳ್ಳಾಡದಿರುವುದು ಎಂದಷ್ಟೇ ನಾವು ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಕ್ರೈಸ್ತರ ಧರ್ಮಗ್ರಂಥದಲ್ಲಾದರೋ ನಾಲಗೆಯ ಜೊತೆಗೆ ತಕ್ಕಡಿಯ ವಿಚಾರವೂ ಮತ್ತೆ ಮತ್ತೆ ಬರುತ್ತದೆ. ಚೀಲದಲ್ಲಿ ದೊಡ್ಡದೊಂದು, ಚಿಕ್ಕದೊಂದು ತೂಕದ ಕಲ್ಲನ್ನು ಇಟ್ಟುಕೊಳ್ಳಬಾರದೆಂದು ಧರ್ಮೋಪದೇಶಕಾಂಡವು ವಿಧಿಸಿದೆ. ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಇನ್ನೊಂದು ಎಂಬ ಉಪಾಯ ಅಷ್ಟು ಪುರಾತನವಾದುದು! ಕುರಿ ಕಾಯುತ್ತಿದ್ದ ಪ್ರವಾದಿ ಆಮೋಸನು, ಸಬ್ಬತ್ ದಿನ ಎಂದಿಗೆ ಮುಗಿದೀತು, ವ್ಯಾಪಾರ ಎಂದಿಗೆ ತೆರೆದೀತು ಎಂದು ಚಡಪಡಿಸುತ್ತ ಗೋಧಿಯ ಕಸವನ್ನೂ ಮಾರುವ ವರ್ತಕರನ್ನು ಖಂಡಿಸಿದನು. ಹಸಿ ಮೆಣಸನ್ನು ಚೀಲದ ತಳಕ್ಕೆ ಸುರಿಯುವುದನ್ನೂ, ಚಾಲಿಯೊಳಗೆ ಕರಿಗೋಟನ್ನು ಸೇರಿಸುವುದನ್ನೂ ಬಲ್ಲ ನಮ್ಮ ಕಾಸರಗೋಡಿನ ವಾಚಕರಿಗೆ ಇದರ ವಿವರಣೆ ಬೇಕಾಗದು.

ಆದರೆ ನಮಗೆ ಹೆಚ್ಚು ವಿಚಾರಾರ್ಹವೆನಿಸಿದುದು ಈ ನಿಷೇಧವಲ್ಲ. ವಂಚನೆ ನಡೆದುಹೋದ ಬಳಿಕ ಮಾಡತಕ್ಕದ್ದೇನು ಎಂಬುದು. ದೇವರಲ್ಲಿ ಕ್ಷಮೆ ಬೇಡುವುದು ಸುಲಭ, ಆತನು ಬಾಕಿ ವಸೂಲಿಗೆ ಅಂಗಳಕ್ಕೆ ಬರುವುದಿಲ್ಲ. ಯಾಜಕಕಾಂಡವು ಅಷ್ಟಕ್ಕೆ ಬಿಡುವುದಿಲ್ಲ. ನೆರೆಯವನಿಂದ ವಂಚಿಸಿ ಪಡೆದುದನ್ನು ಪೂರ್ತಿಯಾಗಿ ಹಿಂದಿರುಗಿಸಿ, ಅದರ ಐದನೆಯ ಒಂದು ಪಾಲನ್ನು ಮೇಲೆ ಕೂಡಿಸಿ, ಒಡೆಯನ ಕೈಗೇ ಕೊಡಬೇಕು. ಪ್ರಾಯಶ್ಚಿತ್ತದ ಬಲಿ ಬೇರೆ. 100 ರೂಪಾಯಿ ವಂಚಿಸಿದವನು 120 ಎಣಿಸಬೇಕು. ನಾಲ್ಕನೆಯ ತರಗತಿಯ ಮಕ್ಕಳು ಈ ಲೆಕ್ಕವನ್ನು ಬಾಯಲ್ಲೇ ಮಾಡಿಯಾರು. ದೊಡ್ಡವರು ಕೈಯಲ್ಲಿ ಮಾಡುವುದು ಅಪರೂಪ.

ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಬರುವ ಜಕ್ಕಾಯನು ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ. ಆಗ ಸುಂಕ ವಸೂಲಿಯು ಗುತ್ತಿಗೆಯ ವ್ಯವಹಾರ. ಗುತ್ತಿಗೆಯ ಹಣಕ್ಕಿಂತ ಹೆಚ್ಚು ಹಿಂಡಿದುದು ಗುತ್ತೇದಾರನ ಲಾಭ. ಕುಳ್ಳನಾದ ಆತನು ಯೇಸುವನ್ನು ಕಾಣಲು ಮರವೇರಿದ ಕಥೆಯನ್ನು ಸಂಡೇ ಸ್ಕೂಲಿನ ಮಕ್ಕಳೆಲ್ಲ ಹೇಳಬಲ್ಲರು. ಮರ ಹತ್ತಿದ ಭಾಗವೇ ರಂಜಕವಾದುದರಿಂದ ಮುಂದಿನ ಲೆಕ್ಕ ಮರೆತುಹೋಗುತ್ತದೆ. ಆಸ್ತಿಯ ಅರ್ಧ ಬಡವರಿಗೆ; ಅನ್ಯಾಯವಾಗಿ ಕಿತ್ತುಕೊಂಡವರಿಗೆ ನಾಲ್ಕರಷ್ಟು. ಕುರಿಯನ್ನು ಕದ್ದು ಕೊಯ್ದವನಿಗೋ ಮಾರಿದವನಿಗೋ ವಿಮೋಚನಕಾಂಡವು ವಿಧಿಸಿದ ದಂಡವೂ ಇದೇ, ನಾಲ್ಕರಷ್ಟು. ತನ್ನದು ಬರಿಯ ಹೆಚ್ಚು ವಸೂಲಿಯಲ್ಲ, ಕಳವು ಎಂದು ಆತನು ಒಪ್ಪಿಕೊಂಡನೆಂದೇ ನಾವು ಇದನ್ನು ಓದುತ್ತೇವೆ. ದಾನ ಬೇರೆ, ಬಾಕಿ ಬೇರೆ ಎಂಬುದನ್ನೂ ಆತನು ಮರೆಯಲಿಲ್ಲ. ಬಾಕಿಯನ್ನು ಹಾಗೆಯೇ ಇಟ್ಟು ದಾನಿಗಳ ಫಲಕದಲ್ಲಿ ಹೆಸರು ಕೆತ್ತಿಸಿಕೊಂಡವರು ಇಗರ್ಜಿಗಳಲ್ಲಿಯೂ ಇದ್ದಾರೆ, ದೇವಸ್ಥಾನಗಳಲ್ಲಿಯೂ ಇದ್ದಾರೆ.

ಕೂಲಿಯ ವಿಷಯದಲ್ಲಿ ಈ ಮಾತು ಇನ್ನಷ್ಟು ತೀಕ್ಷ್ಣವಾಗುತ್ತದೆ. ಆಳಿನ ಕೂಲಿ ಒಡೆಯನ ಬಳಿ ಬೆಳಗಿನ ತನಕ ಇರಕೂಡದೆಂಬುದು ಯಾಜಕಕಾಂಡದ ವಿಧಿ. ಇಂದು ನಮ್ಮ ಕಡೆಗೆ ಬಂಗಾಳ, ಅಸ್ಸಾಮುಗಳಿಂದಲೂ ಆಳುಗಳು ಬರುತ್ತಾರೆ. ಎರಡು ವಾರದ ಮಜೂರಿಯನ್ನು ತಡೆದಿಟ್ಟು, “ಅವ ಊರಿಗೆ ಹೋದನಲ್ಲ, ಇನ್ನು ಯಾರಿಗೆ ಕೊಡುವುದು?” ಎಂದು ಕೇಳುವವರುಂಟು. ಅರಣ್ಯಕಾಂಡವು ಈ ಪ್ರಶ್ನೆಯನ್ನು ಮೊದಲೇ ಊಹಿಸಿತ್ತು. ನಷ್ಟಹೊಂದಿದವನು ಇಲ್ಲದಿದ್ದರೆ ಆ ಹಣ ಅವನ ಸಮೀಪ ಬಂಧುವಿಗೆ, ಬಂಧುವೂ ಇಲ್ಲದಿದ್ದರೆ ಯಾಜಕನಿಗೆ; ವಂಚಿಸಿದವನ ಪೆಟ್ಟಿಗೆಯಲ್ಲಿ ಉಳಿಯುವುದಕ್ಕೆ ಅಲ್ಲಿ ದಾರಿಯೇ ಇಲ್ಲ. ಆ ಕಾಲದಲ್ಲಿ ಬಂಧುವನ್ನು ಹುಡುಕಿಕೊಂಡು ನಡೆಯಬೇಕಾಗಿತ್ತು. ಈಗ ಅಂಚೆಯಿದೆ, ಬ್ಯಾಂಕಿದೆ, ಅಂಗೈಯ ಫೋನಿನಿಂದಲೇ ಹಣ ಹೋಗುತ್ತದೆ. ಕೆಲಸಕ್ಕೆ ಕರೆಯುವಾಗ ಬರೆದಿಟ್ಟುಕೊಂಡ ಆಳಿನ ನಂಬರು ಇನ್ನೂ ಅದರೊಳಗೇ ಇರುತ್ತದೆ.