ಎಂಜಿನ್ ಸದ್ದಿಗೂ ಒಂದು ಬಗ್ ರಿಪೋರ್ಟ್

ಹಳೇ ಕಾರು ಇಟ್ಟುಕೊಂಡವರ ಕಿವಿ ಯಾವಾಗಲೂ ಸ್ವಲ್ಪ ಚುರುಕು. ಪಕ್ಕದಲ್ಲಿ ಕೂತವರು ಹಾಡು ಕೇಳುತ್ತಿದ್ದರೆ ಇವರು ಬಾನೆಟ್ ಒಳಗಿನ ಸದ್ದು ಕೇಳುತ್ತಿರುತ್ತಾರೆ. ಹೊಸದೊಂದು ಟಿಕ್ ಟಿಕ್ ಸೇರಿಕೊಂಡಿತೋ, ಅವತ್ತಿನ ನೆಮ್ಮದಿ ಹೋಯಿತು ಅಂತಲೇ ಲೆಕ್ಕ. ಆದರೆ ಗ್ಯಾರೇಜಿಗೆ ಹೋಗಿ ನಾವು ಹೇಳುವುದು ಮಾತ್ರ ಒಂದೇ ಸಾಲು: "ಏನೋ ಸೌಂಡ್ ಬರ್ತಿದೆ, ಸ್ವಲ್ಪ ನೋಡಿ."

ಆಫೀಸಿನಲ್ಲಿ ಯಾರಾದರೂ "ಆ್ಯಪ್ ಕೆಲಸ ಮಾಡ್ತಿಲ್ಲ" ಅಂತ ಇಷ್ಟೇ ಬರೆದು ಟಿಕೆಟ್ ಹಾಕಿದರೆ ನಮಗೇ ಸಿಟ್ಟು ಬರುತ್ತದೆ. ಯಾವ ಫೋನು, ಏನು ಒತ್ತಿದಾಗ, ಪ್ರತಿಸಲವೂ ಆಗುತ್ತಾ ಅಂತ ಹತ್ತು ಪ್ರಶ್ನೆ ಕೇಳುತ್ತೇವೆ. ಎಂಜಿನ್ ಸದ್ದಿಗೂ ಅವೇ ಪ್ರಶ್ನೆಗಳು. ಸದ್ದು ಹೇಗಿದೆ ಅನ್ನುವುದಕ್ಕಿಂತ ಯಾವಾಗ ಬರುತ್ತದೆ ಅನ್ನುವುದೇ ಹೆಚ್ಚು ಸುಳಿವು ಕೊಡುತ್ತದೆ.

ಮೊದಲು ಗಾಡಿ ನಿಂತಲ್ಲೇ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ ನೋಡಿ. ಸದ್ದೂ ಜೊತೆಗೇ ಏರಿದರೆ ಅದು ಎಂಜಿನ್ನಿನದು, ಇಲ್ಲವೇ ಅದಕ್ಕೆ ಅಂಟಿಕೊಂಡ ಯಾವುದೋ ಭಾಗದ್ದು. ಗಾಡಿ ಓಡುವಾಗ ಮಾತ್ರ ಬರುತ್ತಿದ್ದರೆ ಚಕ್ರದ ಬೇರಿಂಗ್, ಟಯರ್, ಆಕ್ಸಲ್ ಕಡೆ ಹುಡುಕಬೇಕು. ನಿಂತಲ್ಲೇ ಕ್ಲಚ್ ಒತ್ತಿದಾಗ ಸದ್ದು ಶುರುವಾದರೆ ಕ್ಲಚ್ ಬೇರಿಂಗ್ ಮೇಲೆ ಅನುಮಾನ. ಒತ್ತಿದಾಗ ನಿಂತರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಇರಬಹುದು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕುಯ್ ಅನ್ನುವುದು ಸಾಮಾನ್ಯವಾಗಿ ಫ್ಯಾನ್ ಬೆಲ್ಟು. ತಣ್ಣಗಿದ್ದಾಗ ಟಿಕ್ ಟಿಕ್ ಅಂದು ಬಿಸಿಯಾದ ಮೇಲೆ ಮಾಯವಾಗುವುದಕ್ಕೆ ಸೈಲೆನ್ಸರ್ ಪೈಪು ಎಂಜಿನ್ನಿಗೆ ಸೇರುವ ಕಡೆಯ ಸಣ್ಣ ಸೋರಿಕೆಯೂ ಕಾರಣ ಇರಬಹುದು. ಕಬ್ಬಿಣ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಅಷ್ಟೇ.

ಹೆದರಬೇಕಾದ ಸದ್ದು ಬೇರೆ ಇದೆ. ಒಳಗಿಂದ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ದಪ್ಪ ಧ್ವನಿ. ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾದಂತೆ, ದಿಬ್ಬ ಹತ್ತುವಾಗ ಭಾರ ಬಿದ್ದಂತೆ ಅದು ಜೋರಾಗುತ್ತದೆ. ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆದಾಗ ಹೀಗಾಗುತ್ತದೆ. ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ದೀಪವೂ ಹತ್ತಿದರೆ "ಊರು ಹತ್ತಿರವೇ ಇದೆ" ಅಂತ ಓಡಿಸಬೇಡಿ. ಎಂಜಿನ್ ಆಫ್ ಮಾಡಿ, ಟೋಯಿಂಗ್‌ಗೆ ಫೋನ್ ಮಾಡಿ.

ತಿಪಟೂರಿನಿಂದ ಅಪ್ಪ ಹೋದ ವರ್ಷ ಫೋನ್ ಮಾಡಿದ್ದು ಇಂಥದ್ದೇ ಭಯದಲ್ಲಿ. 2006ರ ಮಾರುತಿ 800. ಹದಿನೈದು ವರ್ಷ ದಾಟಿ ರಿಜಿಸ್ಟ್ರೇಷನ್ ಇನ್ನೈದು ವರ್ಷಕ್ಕೆ ನವೀಕರಣವೂ ಆಗಿತ್ತು. ಅಮ್ಮನ ಮಂಡಿನೋವಿಗೆ ಬಸ್ಸು ಹತ್ತುವುದು ಆಗದ ಮಾತು. ಆಸ್ಪತ್ರೆಗೆ, ಮದುವೆ ಮುಂಜಿಗೆ ಎಲ್ಲಕ್ಕೂ ಅದೇ ಗಾಡಿ. ಮನೆ ಹತ್ತಿರದ ಗ್ಯಾರೇಜೊಂದರಲ್ಲಿ ಎರಡು ನಿಮಿಷ ಕೇಳಿ, "ಎಂಜಿನ್ ಇಳಿಸಬೇಕು, ಮೂವತ್ತೈದು ಸಾವಿರ ಆಗುತ್ತೆ" ಅಂದರಂತೆ. ಗಾಡಿಗೇ ಅಷ್ಟು ಬೆಲೆ ಬರುತ್ತೋ ಇಲ್ಲವೋ. ಅಪ್ಪ ಆಗಲೇ ಗುಜರಿಯವರನ್ನು ವಿಚಾರಿಸಿದ್ದರು.

"ಸದ್ದು ಹೆಂಗಿದೆ ಅಪ್ಪ?"

"ಹೊಲಿಗೆ ಮೆಷಿನ್ ಓಡಿಸ್ದಂಗೆ ಕಣಪ್ಪ. ನಿಮ್ಮಮ್ಮನೂ ಹಂಗೇ ಅಂದ್ಲು."

ಹೊಲಿಗೆ ಮೆಷಿನ್ ಅಂದಿದ್ದೇ ನನಗೆ ಸ್ವಲ್ಪ ಧೈರ್ಯ ಬಂತು. ಬಾನೆಟ್ ತೆಗೆದು ಒಂದು ನಿಮಿಷದ ವಿಡಿಯೊ ವಾಟ್ಸ್‌ಆ್ಯಪ್ ಮಾಡಿ ಅಂದೆ. ಅದನ್ನು ನಿಧಾನ ಮಾಡಿ, ಹೆಡ್‌ಫೋನ್ ಹಾಕಿ ಎಣಿಸಿದೆ.

ಎಣಿಸುವುದರಲ್ಲಿ ಏನಿದೆ ಅಂದರೆ, ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್‌ಶಾಫ್ಟ್ ಒಂದೇ ಸುತ್ತು. ಐಡಲಿಂಗ್‌ನಲ್ಲಿ 900 ಆರ್‌ಪಿಎಂ ಅಂದುಕೊಂಡರೆ ಕ್ರ್ಯಾಂಕ್ ಸೆಕೆಂಡಿಗೆ 15 ಸಲ, ಕ್ಯಾಮ್ ಏಳೂವರೆ ಸಲ ತಿರುಗುತ್ತದೆ. ವಾಲ್ವು ತೆರೆದು ಮುಚ್ಚುವ ಸಾಮಾನೆಲ್ಲ ಕ್ಯಾಮ್ ಲೆಕ್ಕಕ್ಕೆ ಕುಣಿಯುತ್ತದೆ. 800ರಲ್ಲಿ ಆರ್‌ಪಿಎಂ ಮೀಟರೇ ಇಲ್ಲ, ನಿಜ. ಆದರೆ ಏಳಕ್ಕೂ ಹದಿನೈದಕ್ಕೂ ಇರುವ ಅಂತರಕ್ಕೆ ಅಂದಾಜು ಸಾಕು. ನನಗೆ ಸಿಕ್ಕಿದ್ದು ಸೆಕೆಂಡಿಗೆ ಏಳೆಂಟು. ಇದೊಂದರಿಂದಲೇ ತೀರ್ಮಾನ ಹೇಳುವಂತಿಲ್ಲ, ಸವೆದ ಪಿಸ್ಟನ್ನೂ ಇದೇ ಲೆಕ್ಕದಲ್ಲಿ ಬಡಿಯಬಹುದು. ಆದರೆ ಸದ್ದು ತೆಳು, ಮೇಲಿಂದ ಬರುತ್ತಿದೆ, ದಿಬ್ಬದಲ್ಲಿ ಜೋರಾಗುವುದಿಲ್ಲ. ಎಲ್ಲವೂ ಟ್ಯಾಪೆಟ್ ಕಡೆಗೇ ಕೈ ತೋರಿಸುತ್ತಿತ್ತು.

ಡಿಪ್‌ಸ್ಟಿಕ್ ಎಳೆದು ನೋಡಲು ಹೇಳಿದೆ. ಆಯಿಲ್ ಕೆಳಗಿನ ಗುರುತಿಗಿಂತಲೂ ಕೆಳಗೆ! ಎಂಜಿನ್ ಇಳಿಸಬೇಕು ಅಂದವರು ಇದನ್ನೂ ನೋಡಿರಲಿಲ್ಲವಲ್ಲ ಅಂತ ನನಗೆ ಈಗಲೂ ಸಿಟ್ಟಿದೆ. ಅದೇ ಗ್ರೇಡಿನ ಆಯಿಲ್ ಹಾಕಿಸಿದ ಮೇಲೆ ಸದ್ದು ಅರ್ಧಕ್ಕೆ ಇಳಿಯಿತು, ಪೂರ್ತಿ ಹೋಗಲಿಲ್ಲ.

ಮುಂದಿನ ಭಾನುವಾರ ಊರಿಗೆ ಹೋದೆ. ಅಪ್ಪನಿಗೆ ಗೊತ್ತಿದ್ದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಮನೆಗೇ ಬಂದರು. ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ಟ್ಯಾಪೆಟ್ ಕವರ್ ಮೇಲೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಒಂದೊಂದೇ ಸಿಲಿಂಡರ್ ಕೇಳಿದರು. ಡಾಕ್ಟರ ಸ್ಟೆತಾಸ್ಕೋಪ್ ಇದ್ದ ಹಾಗೆ. ನೀವೂ ಪ್ರಯತ್ನಿಸಬಹುದು, ಆದರೆ ತಿರುಗುವ ಬೆಲ್ಟು, ಫ್ಯಾನಿನಿಂದ ಕೈ, ಶಾಲು, ಕೂದಲು ದೂರ ಇರಲಿ. ಆಮೇಲೆ ಒಂದೊಂದೇ ಪ್ಲಗ್ಗಿನ ಸಂಪರ್ಕ ತಪ್ಪಿಸಿ ನೋಡಿದರು. ಬೇರಿಂಗ್ ಸದ್ದಾಗಿದ್ದರೆ ಆ ಸಿಲಿಂಡರಿನ ಭಾರ ತಪ್ಪಿದ ಕೂಡಲೇ ತಗ್ಗಬೇಕಿತ್ತು, ತಗ್ಗಲಿಲ್ಲ. ಈ ಪರೀಕ್ಷೆ ಅವರಿಗೇ ಬಿಡಿ, ಶಾಕ್ ಹೊಡೆಯುತ್ತದೆ.

ಎಂಜಿನ್ ತಣ್ಣಗಾದ ಮೇಲೆ ಕವರ್ ಬಿಚ್ಚಿ ಫೀಲರ್ ಗೇಜ್ ತೂರಿಸಿದರು. ಇರಬೇಕಾದ ಸಂದು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲು ಅಷ್ಟೇ. ಎರಡನೇ ಸಿಲಿಂಡರಿನ ಒಂದು ವಾಲ್ವಿನಲ್ಲಿ ಅದಕ್ಕಿಂತ ಬಹಳ ಜಾಸ್ತಿ ಇತ್ತು. ನಟ್ಟು ಸಡಿಲಿಸಿ, ಸ್ಕ್ರೂ ತಿರುಗಿಸಿ, ಮತ್ತೆ ಬಿಗಿದರು. ಕವರಿನ ಪ್ಯಾಕಿಂಗ್ ಸೇರಿ ಆದ ಖರ್ಚು 700 ರೂಪಾಯಿ.

ಸ್ಟಾರ್ಟ್ ಮಾಡಿದಾಗ ಇನ್ನೂ ಚೂರು ಟಿಕ್ ಟಿಕ್ ಕೇಳುತ್ತಿತ್ತು. "ಇದನ್ನೂ ತೆಗೆದುಬಿಡಿ" ಅಂದರು ಅಪ್ಪ.

"ಬೇಡ ಮೇಷ್ಟ್ರೇ, ಇಷ್ಟು ಇರಲಿ. ಪೂರ್ತಿ ಟೈಟ್ ಮಾಡಿದ್ರೆ ಸದ್ದೇನೋ ಹೋಗುತ್ತೆ. ಆದ್ರೆ ಬಿಸಿಯಾದಾಗ ವಾಲ್ವು ಸರಿಯಾಗಿ ಮುಚ್ಚಲ್ಲ, ಸುಟ್ಟೋಗುತ್ತೆ."

ಅಪ್ಪನಿಗೆ ಅಷ್ಟು ಸಮಾಧಾನ ಆದ ಹಾಗೆ ಕಾಣಲಿಲ್ಲ. ಆದರೆ ಡಿಪ್‌ಸ್ಟಿಕ್ ಒರೆಸಲು ಹಳೇ ಬನೀನು ತುಂಡೊಂದನ್ನು ಡಿಕ್ಕಿಯಲ್ಲಿ ಇಟ್ಟಿದ್ದಾರೆ. ತಿಂಗಳ ಮೊದಲ ಭಾನುವಾರ ಆಯಿಲ್ ಗುರುತಿನ ಫೋಟೊ ನನ್ನ ಫೋನಿಗೆ ಬರುತ್ತದೆ.