ಬಾಗಿಲಿಗೆ ಹೊಸ ಮುಖ, ಮರಕ್ಕೆ ಹಳೆಯ ಋಣ

ಮಳೆಗಾಲ ಮುಗಿದು ಅಡಿಕೆ ಕೊಯ್ಲು ಆರಂಭವಾಗುವ ಹೊತ್ತಿಗೆ ಮಲೆನಾಡಿನ ಮನೆಗಳಲ್ಲಿ ದುರಸ್ತಿಯ ಮಾತು ಮೊದಲಾಗುತ್ತದೆ. ಸುಣ್ಣ, ಬಣ್ಣ, ನೆಲಗಳ ಲೆಕ್ಕ ಮುಗಿದ ಮೇಲೆ ಎಲ್ಲರ ದೃಷ್ಟಿ ಅಜ್ಜನ ಕಾಲದ ಗೋಡೆಕಪಾಟಿನ ಮೇಲೆ ಬೀಳುತ್ತದೆ. ಅದರ ಬಾಗಿಲು ಹಲಸಿನದೋ ಹೊನ್ನೆಯದೋ ಆಗಿರುತ್ತದೆ, ಬಿಜಾಗರಿ ಗಟ್ಟಿಯಾಗಿರುತ್ತದೆ, ಹುಳು ಮುಟ್ಟಿರುವುದಿಲ್ಲ. ಬಣ್ಣ ಮಾಸಿದೆ, ಗೀರು ಬಿದ್ದಿದೆ ಎಂಬುದಷ್ಟೇ ಅದರ ಅಪರಾಧ. ಆ ಅಪರಾಧಕ್ಕೆ ಬಾಗಿಲು ಗುಜರಿಗೆ ಹೋಗುತ್ತದೆ, ಇಲ್ಲವೇ ಬಚ್ಚಲೊಲೆ ಸೇರುತ್ತದೆ.

ಅದರ ಸ್ಥಾನಕ್ಕೆ ಬರುವುದು ಪ್ಲೈವುಡ್ ಅಥವಾ ಮರದ ಹೊಟ್ಟನ್ನು ಒತ್ತಿ ಮಾಡಿದ ಹಲಗೆ. ಇಂಥ ಹಲಗೆಗಳನ್ನು ಬಂಧಿಸುವ ಅಂಟುಗಳಲ್ಲಿ ಬಹುಪಾಲು ಫಾರ್ಮಾಲ್ಡಿಹೈಡ್ ಬೆರೆತವು. ಆ ಅನಿಲವು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವಂಥದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತೀರ್ಮಾನಿಸಿತು. ಸೆಕೆ ಮತ್ತು ತೇವ ಹೆಚ್ಚಿದಷ್ಟೂ ಅದು ಹೆಚ್ಚಾಗಿ ಹೊರಬರುತ್ತದೆ. ಹೊಟ್ಟಿನ ಹಲಗೆಯಂತೂ ನೀರು ತಾಗಿದರೆ ಉಬ್ಬಿ ಪುಡಿಯಾಗುತ್ತದೆ; ಮಲೆನಾಡಿನ ಜಡಿಮಳೆಯನ್ನು ಅದು ಬಹುಕಾಲ ತಾಳದು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಲ್ಕಣಿಯ ಜನ ಕಳಸೆ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತರು. ಪ್ಲೈವುಡ್ ಕಾರ್ಖಾನೆಗಳಿಗಾಗಿ ಕಾಡು ಕಡಿಯುವುದನ್ನೂ ಆ ಅಪ್ಪಿಕೋ ಚಳವಳಿ ಪ್ರಶ್ನಿಸಿತ್ತು. ಕಾಡಿನ ಮರವನ್ನು ಅಪ್ಪಿಕೊಂಡ ನಾಡು ಮನೆಯೊಳಗಿನ ಮರವನ್ನು ಗುಜರಿಗೆ ಹಾಕುವುದು ವಿಪರ್ಯಾಸವೇ ಸರಿ.

ಬಾಗಿಲು ಹಳೆಯದೇ ಇದ್ದು ಮುಖ ಮಾತ್ರ ಹೊಸದಾಗುವ ದಾರಿಯೊಂದಿದೆ. ಚಿತ್ತಾರದ ಆಕಾರವನ್ನು ಕೊರೆದು ತೆಗೆದ ಹಾಳೆಯನ್ನು, ಅಂದರೆ ಸ್ಟೆನ್ಸಿಲನ್ನು, ಬಾಗಿಲ ಮೇಲಿಟ್ಟು ಗಾರೆಯಂಥ ಮಂದ ಲೇಪವನ್ನು ಸವರಿ ಉಬ್ಬುಚಿತ್ರ ಮೂಡಿಸುವುದೇ ಆ ಕ್ರಮ. ಮರದ ಮೇಲೆ ಉಬ್ಬು ಕೆಲಸ ಕನ್ನಡನಾಡಿಗೆ ಹೊಸದೇನೂ ಅಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕುಶಲಕರ್ಮಿಗಳು ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಮರದ ಮೂರ್ತಿಗಳಿಗೆ ಒಡವೆಗಳನ್ನು ಉಬ್ಬಿಸುತ್ತಾರೆ. ಅವರ ಕೈಚಳಕ ಎಲ್ಲರಿಗೂ ಬರುವಂಥದಲ್ಲ. ಆದರೆ ಸ್ಟೆನ್ಸಿಲ್ ಇದ್ದರೆ ಶಾಲೆಯ ಮಕ್ಕಳೂ ಒಂದು ಬಳ್ಳಿಯನ್ನು ಅಚ್ಚುಕಟ್ಟಾಗಿ ಮೂಡಿಸಬಲ್ಲರು.

ಇದಕ್ಕೆ ಬೇಕಾಗುವ ಸಾಮಗ್ರಿ ಅಲ್ಪ. ಬಣ್ಣದ ಅಂಗಡಿಯ ಚಾಕ್ ಪುಡಿಯನ್ನು ಜರಡಿ ಹಿಡಿದು, ಬಡಗಿಗಳು ಬಳಸುವ ಬಿಳಿ ಅಂಟಿನಲ್ಲಿ ಚಮಚದಿಂದ ಜಾರದಷ್ಟು ಮಂದವಾಗಿ ಕಲಸಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವುದರಿಂದ ಮತ್ತು ನಯವಾದ ಮರಕ್ಕೆ ಸರಿಯಾಗಿ ಹಿಡಿಯದ ಕಾರಣ ಈ ಕೆಲಸಕ್ಕೆ ಒಗ್ಗದು. ಎರಡು ಮಿಲಿಮೀಟರ್ ದಪ್ಪದ ರಟ್ಟಿಗೆ ಮೇಣ ಸವರಿ ಚಿತ್ತಾರ ಕೊರೆದರೆ ಸ್ಟೆನ್ಸಿಲ್ ಸಿದ್ಧ. ರಟ್ಟು ಎಷ್ಟು ದಪ್ಪವೋ ಚಿತ್ರ ಅಷ್ಟೇ ಉಬ್ಬುತ್ತದೆ. ಬಾಗಿಲನ್ನು ಕಳಚಿ ಮಲಗಿಸಿ, ಜಿಡ್ಡು ತೊಳೆದು ಒಣಗಿಸಿ, ಲೇಪ ಕಚ್ಚುವಂತೆ ಮೈಯನ್ನು ತುಸು ಒರಟು ಮಾಡಬೇಕು. ಬಳಿಕ ಸ್ಟೆನ್ಸಿಲನ್ನು ಅಂಟುಪಟ್ಟಿಯಿಂದ ಬಿಗಿದು, ಲೇಪವನ್ನು ಒಂದೇ ದಿಕ್ಕಿನಲ್ಲಿ ಎಳೆದು, ಅದು ಹಸಿಯಿರುವಾಗಲೇ ಹಾಳೆಯನ್ನು ನೇರವಾಗಿ ಮೇಲೆತ್ತಬೇಕು. ತಡವಾದರೆ ಅಂಚು ಮುರಿಯುತ್ತದೆ. ಪೂರ್ತಿ ಒಣಗಿದ ಮೇಲೆ ಅಂಚುಗಳನ್ನು ನಯಗೊಳಿಸಿ ಬಣ್ಣ ಬಳಿಯಬೇಕು. ಇಲ್ಲದಿದ್ದರೆ ಲೇಪ ತೇವ ಹೀರಿ ಮೆತ್ತಗಾಗುತ್ತದೆ.

ಮಲೆನಾಡಿನ ಹವೆಗೆ ತಕ್ಕ ಎಚ್ಚರವೂ ಅಗತ್ಯ. ಮರವು ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಒಣಗಿದ ಲೇಪಕ್ಕೆ ಆ ಗುಣವಿಲ್ಲ. ಹಲಗೆಗಳ ಸಂದಿನ ಮೇಲೆ ಹಾಯ್ದ ಚಿತ್ತಾರ ಮೊದಲ ಮಳೆಗೇ ಬಿರುಕು ಬಿಡುತ್ತದೆ. ಆದುದರಿಂದ ಚಿತ್ತಾರವು ಒಂದೇ ಹಲಗೆಯ ಒಳಗಿರಲಿ, ಕೆಲಸವು ದೀಪಾವಳಿಯಿಂದ ಶಿವರಾತ್ರಿಯವರೆಗಿನ ಒಣ ದಿನಗಳಲ್ಲಿ ನಡೆಯಲಿ.

ಇನ್ನೂ ಗಂಭೀರವಾದುದು ಹಳೆಯ ಬಣ್ಣದ ವಿಚಾರ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸವಿರುವ ಸಂಭವವುಂಟು, ಮತ್ತು ಸೀಸದ ಧೂಳು ಎಳೆಯ ಮಕ್ಕಳ ಮಿದುಳಿಗೆ ವಿಷ. ಅಂಥ ಬಣ್ಣವನ್ನು ಒಣಗಿದಂತೆಯೇ ಉಜ್ಜಬಾರದು, ಸುಡಲೂಬಾರದು. ವಾಟರ್ ಪೇಪರಿನಿಂದ ನೀರು ಹಾಕುತ್ತ ಉಜ್ಜಿ, ಕೆಸರನ್ನು ಬಟ್ಟೆಯಲ್ಲಿ ಒರೆಸಿ ಕಟ್ಟಿಡಬೇಕು. ಮಕ್ಕಳೂ ಗರ್ಭಿಣಿಯರೂ ಆ ಜಾಗದಿಂದ ದೂರವಿರಬೇಕು. ಬಣ್ಣ ಗಟ್ಟಿಯಾಗಿ ಹಿಡಿದಿದ್ದು ಹಕ್ಕಳೆ ಏಳದಿದ್ದರೆ ಅದನ್ನು ಕೆರೆಯುವ ಗೊಡವೆಗೇ ಹೋಗದಿರುವುದು ಕ್ಷೇಮ. ಆಗ ಚಿತ್ತಾರ ಬರುವಷ್ಟು ಜಾಗವನ್ನೇ ನೀರು ಹಾಕಿ ಉಜ್ಜಿದರೆ ಸಾಕು.

ಉಳಿದ ಲೇಪ, ಕುಂಚ ತೊಳೆದ ನೀರು ಹಳ್ಳದ ಪಾಲಾಗಬಾರದು. ಪ್ಲಾಸ್ಟರ್ ಆಫ್ ಪ್ಯಾರಿಸ್ ವಿಗ್ರಹಗಳನ್ನು ಮಾಡಬಾರದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಹೇಳುತ್ತದೆ. ಕೆರೆಗೆ ಗಣಪತಿಯ ಮೂಲಕ ಸಲ್ಲದ ವಸ್ತು ಹಳ್ಳಕ್ಕೆ ಕಪಾಟಿನ ಮೂಲಕವೂ ಸಲ್ಲದು.

ಚಿತ್ತಾರ ಯಾವುದಿರಬೇಕೆಂಬುದೂ ಯೋಚಿಸತಕ್ಕದ್ದು. ಸಾಗರ, ಸೊರಬದ ಕಡೆಯ ದೀವರ ಮಹಿಳೆಯರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯುವ ಹಸೆ ಚಿತ್ತಾರವನ್ನು ರಟ್ಟಿನಲ್ಲಿ ಕೊರೆದು ಎಲ್ಲೆಡೆ ಒತ್ತುವುದು ಅವರ ಕೈಗೆ ಸಲ್ಲುವ ಗೌರವವಲ್ಲ. ಅದು ಬೇಕೆನಿಸಿದವರು ಬರೆಯಬಲ್ಲವರನ್ನೇ ಕರೆದು, ತಕ್ಕ ಕೂಲಿ ಕೊಟ್ಟು ಬರೆಸಲಿ. ಸ್ಟೆನ್ಸಿಲಿಗೆ ಹಿತ್ತಿಲಿನ ಮೆಣಸಿನ ಬಳ್ಳಿ, ಜರಿಗಿಡದ ಎಲೆ ಸಾಕು.

ಒಂದು ಹಲಸಿನ ಮರ ಬಾಗಿಲಾಗುವಷ್ಟು ಬಲಿಯಲು ಹಲವು ದಶಕಗಳು ಬೇಕು. ಕಡಿದ ಮರದ ಋಣ ತೀರುವುದು ಅದು ಬಾಳಿಕೆ ಬಂದಾಗಲೇ. ಈ ಸುಗ್ಗಿಯಲ್ಲಿ ಗುಜರಿಯವನು ಅಂಗಳಕ್ಕೆ ಬಂದಾಗ ಮನೆಯವರು ಬಾಗಿಲಿನ ಬಣ್ಣವನ್ನು ಬಿಟ್ಟು, ಒಳಗಿನ ಮರವನ್ನು ಒಮ್ಮೆ ಬೆರಳಿನಿಂದ ತಟ್ಟಿ ನೋಡಲಿ. ಸದ್ದು ಗಟ್ಟಿಯಾಗಿದ್ದರೆ ಆ ಬಾಗಿಲು ಮನೆಯಲ್ಲೇ ಉಳಿಯತಕ್ಕದ್ದು.